ಪಕ್ಷ ಇಲ್ಲದ ಓಟು ಯಾವ ಲೆಕ್ಕದಾಗ ಹಾಕೂದು?

ಅಮೆರಿಕದ ಓರೆಗಾನ್ ರಾಜ್ಯದ ಜನ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿ ತಮ್ಮ ಕಾರ್ಮಿಕ ಆಯುಕ್ತರನ್ನು ಆರಿಸುತ್ತಾರೆ. ಅಂದರೆ, ದುಡಿಸಿಕೊಂಡು ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಟ್ಟರೆ ವಿಚಾರಿಸುವ ಇಲಾಖೆಯ ಮುಖ್ಯಸ್ಥರನ್ನು. ಇಡೀ ರಾಜ್ಯ ಓಟು ಹಾಕುತ್ತದೆ, ಆದರೆ ಮತಪತ್ರದಲ್ಲಿ ಅಭ್ಯರ್ಥಿಯ ಪಕ್ಷ ಯಾವುದೆಂದು ಬರೆದಿರುವುದಿಲ್ಲ.

ಚಚಡಿಯಲ್ಲಿ ಕಟ್ಟೆ ಮೇಲೆ ಕೂತಾಗ ಇದನ್ನು ಹೇಳಿದೆ. ಹಿರಿಯರೊಬ್ಬರು ಕೇಳಿದರು, "ಪಕ್ಷ ಇಲ್ಲಂದ್ರ ಓಟು ಯಾವ ಲೆಕ್ಕದಾಗ ಹಾಕ್ತಾರೋ ತಮ್ಮಾ?"

ಒಳ್ಳೆಯ ಪ್ರಶ್ನೆ. ಯಾಕಂದ್ರೆ ಅಂಥ ಓಟು ನಾವೂ ಹಾಕುತ್ತೇವೆ. ನಮ್ಮ ಕಾರ್ಮಿಕ ಆಯುಕ್ತರು ಸರಕಾರ ನೇಮಿಸಿದ ಅಧಿಕಾರಿ, ಕೂರುವುದು ಬೆಂಗಳೂರಿನಲ್ಲಿ. ಆದರೆ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೇ ನಡೆಯುತ್ತದೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ದುಡಿಯುವವರ ಎಷ್ಟೋ ಕಾಗದಗಳು ಅದೇ ಪಂಚಾಯ್ತಿ ಬಾಗಿಲಲ್ಲಿ ಹಾಯಬೇಕು. ಉದ್ಯೋಗ ಖಾತ್ರಿ ಕೆಲಸ ಬೇಕೆಂದು ಅರ್ಜಿ ಹಾಕುವುದು ಅಲ್ಲೇ. ಕಟ್ಟಡ ಕಾರ್ಮಿಕರ ಕಾರ್ಡ್ ಆಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ಅದನ್ನು ಮಾಲೀಕ ಇಲ್ಲವೇ ಗುತ್ತಿಗೆದಾರ ಕೊಡಬಹುದು, ಹಳ್ಳಿಯಲ್ಲಿ ಪಿಡಿಒ ಕೂಡ ಕೊಡಬಹುದು.

ನಮ್ಮಣ್ಣ ಗೌಂಡಿ. 2018ರಲ್ಲಿ ಹುಬ್ಬಳ್ಳಿ ಕಡೆ ಒಂದು ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಹತ್ತು ವರ್ಷ ಗಾರೆ ಕಲಸಿದ ಕೈ, ಆದರೆ ಕಾರ್ಡ್ ಇರಲಿಲ್ಲ. ಕಾರ್ಡ್ ಇದ್ದವರಿಗೆ ಮಂಡಳಿಯಿಂದ ಅಪಘಾತ ಪರಿಹಾರ ಉಂಟು. ನಮಗೆ ಬಂದದ್ದು ಸಾಲ. ಅವ್ವನ ಕಿವಿಯ ಬೆಂಡೋಲಿ ಅಡವಿಗೆ ಹೋದವು.

2020ರ ಡಿಸೆಂಬರಿನಲ್ಲಿ ಪಂಚಾಯ್ತಿ ಚುನಾವಣೆ ಬಂತು. ಅಷ್ಟೊತ್ತಿಗೆ ಅಣ್ಣ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಮನೆಗೆ ಮೂವರು ಅಭ್ಯರ್ಥಿಗಳು ಬಂದರು. ಒಬ್ಬರು ನಾವು ನೀವು ಒಂದೇ ಮಂದಿ ಅಂದರು, ಇನ್ನೊಬ್ಬರು ದೊಡ್ಡವರ ಹೆಸರು ಹೇಳಿದರು. ಮೂವರಿಗೂ ಅವ್ವ ಕೇಳಿದ್ದು ಒಂದೇ ಮಾತು: "ನನ್ನ ಮಗನ ಕಾರ್ಡಿಗೆ ತೊಂಬತ್ತು ದಿನದ ಕಾಗದ ಬೇಕಾಗೇತಿ. ಅದು ಹೆಂಗ ಸಿಗ್ತೈತಿ ಹೇಳ್ರಿ."

ಇಬ್ಬರು ನಕ್ಕು, ಆರಿಸಿ ಬಂದ ಮೇಲೆ ನೋಡೋಣು ಅಂದರು. ಮೂರನೆಯವನು ತಿಳಿಯದು ಅಂದ. ಮರುದಿನ ವಿಚಾರಿಸಿಕೊಂಡು ಬಂದು, ಯಾವ ನಮೂನೆ, ಯಾರ ಸಹಿ, ಏನೇನು ಲಗತ್ತಿಸಬೇಕು ಎಲ್ಲ ಹೇಳಿದ. ಅವನು ನಮ್ಮ ಜಾತಿಯವನಲ್ಲ, ನಮ್ಮ ಓಣಿಯವನೂ ಅಲ್ಲ. ಅವ್ವನ ಓಟು ಅವನಿಗೇ ಬಿತ್ತು. ಅವನು ಸೋತ. ಅಣ್ಣನ ಕಾರ್ಡ್ ಮಾತ್ರ ಆಯ್ತು.

ಮತಪತ್ರದಿಂದ ಪಕ್ಷದ ಹೆಸರು ತೆಗೆದರೆ ರಾಜಕೀಯ ಹೋಗುವುದಿಲ್ಲ. ಓರೆಗಾನ್‌ನಲ್ಲಿ 2022ರಲ್ಲಿ ಕಾರ್ಮಿಕರ ಪರ ವಕೀಲೆ ಕ್ರಿಸ್ಟಿನಾ ಸ್ಟೀಫನ್‌ಸನ್ ಮತ್ತು ರೆಸ್ಟೋರೆಂಟ್ ಉದ್ಯಮಿ ಚೆರಿ ಹೆಲ್ಟ್ ಕೊನೆಯ ಸುತ್ತಿನಲ್ಲಿ ಎದುರಾದರು. ಸ್ಟೀಫನ್‌ಸನ್ ಗೆದ್ದರು. ಯಾರ ಹಿಂದೆ ಯಾರಿದ್ದಾರೆಂದು ಅಲ್ಲಿನ ಜನರಿಗೂ ಗೊತ್ತಿತ್ತು. ಗೆದ್ದ ಮೇಲೆ ಎಲ್ಲ ಸರಿಹೋಯಿತೆಂದೂ ಅಲ್ಲ. ದೂರುಗಳ ರಾಶಿ, ಸಿಬ್ಬಂದಿ ಕೊರತೆ ಅಲ್ಲೂ ಇವೆ. ಆದರೆ ಓಟು ಕೇಳುವವರು ಕೂಲಿಯ ಬಗ್ಗೆ ಮಾತಾಡಲೇಬೇಕು, ಯಾಕಂದ್ರೆ ಆ ಹುದ್ದೆಯ ಕೆಲಸವೇ ಅದು.

ನಮ್ಮಲ್ಲಿ ಪಕ್ಷ ಬಿಟ್ಟ ಜಾಗಕ್ಕೆ ಜಾತಿ, ಓಣಿ, ರೊಕ್ಕ ಬಂದು ಕೂರುತ್ತವೆ. 2020ರಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂದವು. ಎಣಿಕೆ ಮುಗಿದ ಮೇಲೆ ಎಲ್ಲ ಪಕ್ಷಗಳೂ ಗೆದ್ದವರು ನಮ್ಮ ಬೆಂಬಲಿಗರು ಅಂದವು. ಅಷ್ಟು ದಿನದ ಪ್ರಚಾರದಲ್ಲಿ ಕೂಲಿಯ ಮಾತು ಎಷ್ಟು ಬಂತು, ನಿಮ್ಮ ಊರಿನದು ನೀವೇ ನೆನಪಿಸಿಕೊಳ್ಳಿ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕೆಲಸದ ಲೆಕ್ಕದಾಗ ಹಾಕ್ರಿ. ಮುಂದಿನ ಸಲ ಕೈಮುಗಿದು ಬಂದವರಿಗೆ ಮೂರು ಮಾತು ಕೇಳ್ರಿ. ಕೆಲಸ ಕೇಳಿ ಅರ್ಜಿ ಕೊಟ್ಟರ ತಾರೀಖು ಹಾಕಿದ ರಸೀದಿ ಕೊಡಸ್ತೀರೇನು? ಗೌಂಡಿಗಳ ಕಾಗದಕ್ಕ ಸಹಿ ಆಗೂವರೆಗೂ ನಮ್ಮ ಜೋಡಿ ಬರ್ತೀರೇನು? ಗ್ರಾಮಸಭೆ ಕರೆದು, ಕೂಲಿ ಲೆಕ್ಕ ಎಲ್ಲರ ಮುಂದ ಓದಸ್ತೀರೇನು?

ತಿಳಿಯದು ಅಂದವರು ಮರುದಿನ ವಿಚಾರಿಸಿಕೊಂಡು ಬರ್ತಾರೇನು, ಅದನ್ನೂ ನೋಡ್ರಿ.