ನಡುವೆ ಕೂರುವ ‘ಇಟ್’

ತಗಡೂರಿನಲ್ಲಿ ಇಂಗ್ಲಿಷ್ ಬಾರದವರು ಯಾರೂ ಇಲ್ಲ ಎಂದರೆ ನೀವು ನಗಬಹುದು. ಆದರೆ ಗದ್ದೆಯ ಮೋಟಾರು ‘ಆಫ್’ ಮಾಡದವರು, ಬ್ಯಾಂಕಿನಲ್ಲಿ ಫಾರಂ ‘ಫಿಲಪ್’ ಮಾಡಿಸದವರು, ನಂಜನಗೂಡಿನಿಂದ ಕಡೇ ಬಸ್ಸು ತಪ್ಪಿದಾಗ ‘ಪಿಕಪ್ ಮಾಡೋಕೆ ಬಾರಪ್ಪ’ ಎಂದು ಮನೆಗೆ ಫೋನು ಮಾಡದವರು ಕಡಿಮೆ. ಹಳೇ ಬೈಕಿಗೆ ‘ಪಿಕಪ್ ಇಲ್ಲ’, ಮದುವೆ ಮನೆಯಲ್ಲಿ ‘ಸೆಟಪ್ ಜೋರು’, ಬಸುರಿ ಹೆಂಗಸರು ಟಿ. ನರಸೀಪುರಕ್ಕೆ ‘ಚೆಕಪ್’ಗೆ ಹೋಗುತ್ತಾರೆ.

ಪಿಕಪ್, ಫಿಲಪ್‌ನಂಥವು ಕ್ರಿಯಾಪದವಾಗಿ ಬಂದಾಗ ಇಂಗ್ಲಿಷಿನಲ್ಲಿ ಎರಡೆರಡು ಪದಗಳು: ಪಿಕ್ ಬೇರೆ, ಅಪ್ ಬೇರೆ. ನಾವು ಅವನ್ನು ಅಂಟಿಸಿ ಒಂದು ಮಾಡಿಕೊಂಡಿದ್ದೇವೆ, ಕೊನೆಗೆ ಒಂದು ‘ಮಾಡು’ ಸೇರಿಸಿ ನಮ್ಮ ಕ್ರಿಯಾಪದ ಮಾಡಿಕೊಂಡಿದ್ದೇವೆ. ಕನ್ನಡದೊಳಗೆ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಶುರುವಾಗುವುದು ಆ ಪದ ಮತ್ತೆ ಇಂಗ್ಲಿಷಿಗೆ ಹೋಗುವಾಗ. ಅಂಟು ಬಿಡುವುದಿಲ್ಲ. ‘ಐ ವಿಲ್ ಪಿಕಪ್ ಯು’, ‘ಫಿಲಪ್ ಇಟ್’, ‘ಸ್ವಿಚಾಫ್ ಇಟ್’ ಎಂದು ಬರುತ್ತದೆ.

ಬಿ.ಕಾಂ. ಮುಗಿಸಿದ ನನ್ನ ಚಿಕ್ಕಪ್ಪನ ಮಗಳು ಮೈಸೂರಿನಲ್ಲಿ ಕೆಲಸದ ಸಂದರ್ಶನವೊಂದಕ್ಕೆ ಹೋಗಿದ್ದಳು. ಫೋನಿನಲ್ಲಿ ಗ್ರಾಹಕರೊಂದಿಗೆ ಮಾತಾಡುವ ಕೆಲಸ. ಮೋಡೆಮ್ ಕೆಟ್ಟರೆ ಏನು ಮಾಡಬೇಕೆಂದು ಗ್ರಾಹಕರಿಗೆ ಹೇಳು ಎಂದರಂತೆ. ‘ಸ್ವಿಚ್ ಆಫ್ ಇಟ್’ ಎಂದಳು. ಎದುರಿಗಿದ್ದವರು ನಕ್ಕರು. ಅವಳು ಹೇಳಿದ ಕ್ರಮದಲ್ಲಿ ಮಾಡಿದ್ದರೆ ಮೋಡೆಮ್ ಸರಿಹೋಗುತ್ತಿತ್ತು, ಆದರೆ ಕೆಲಸ ಸಿಗಲಿಲ್ಲ. ಆಮೇಲೆ ಸೇರಿದ ತರಬೇತಿಯಲ್ಲಿ ಇಂಥ ಕ್ರಿಯಾಪದಗಳ ಉದ್ದ ಪಟ್ಟಿ ಕೊಟ್ಟು, ‘ಇದಕ್ಕೆ ಕಾರಣ ಇಲ್ಲ, ಬಾಯಿಪಾಠ ಮಾಡಿ’ ಎಂದರು. ನಾನು ಭಾಷೆಯ ಮೇಲೆ ಸಂಶೋಧನೆ ಮಾಡುತ್ತಿರುವವಳು ಎಂಬ ನಂಬಿಕೆಯಿಂದ ಪಟ್ಟಿ ಹಿಡಿದು ಬಂದು ಕೇಳಿದಳು: “ಮೋಟಾರ್ ಅಂದ್ರೆ ಎಲ್ಲಿ ಬೇಕಾದ್ರೂ ಕೂರ್ತದೆ, ಇಟ್ ಅಂದ್ರೆ ಮಾತ್ರ ಯಾಕಕ್ಕ ನಡುವ್ಕೇ ಹೋಗ್ಬೇಕು?”

ಪ್ರಶ್ನೆ ಸರಿಯಾಗಿಯೇ ಇತ್ತು. ‘ಸ್ವಿಚ್ ಆಫ್ ದ ಮೋಟಾರ್’ ಎನ್ನಬಹುದು, ‘ಸ್ವಿಚ್ ದ ಮೋಟಾರ್ ಆಫ್’ ಎಂದೂ ಎನ್ನಬಹುದು. ಮೋಟಾರಿನ ಬದಲು ಸರ್ವನಾಮ ಬಂದರೆ ಒಂದೇ ದಾರಿ: ‘ಸ್ವಿಚ್ ಇಟ್ ಆಫ್’. ಪಿಕ್ ಹಿಮ್ ಅಪ್, ಫಿಲ್ ಇಟ್ ಅಪ್, ಥ್ರೋ ದೆಮ್ ಔಟ್, ಎಲ್ಲವೂ ಹೀಗೇ. ಕಾರಣ ಇಲ್ಲ ಎನ್ನುವುದು ಸುಳ್ಳು. ಆ ಕಾರಣ ಕನ್ನಡದವರಿಗೆ ಹೊಸದೂ ಅಲ್ಲ.

ನಮ್ಮ ಮನೆಯ ಮಾತನ್ನೇ ನೋಡಿ. “ಮೋಟಾರು ಆಫ್ ಮಾಡಿದ್ಯಾ?” “ಹ್ಞೂ, ಮಾಡ್ದೆ.” ಉತ್ತರದಲ್ಲಿ ಮೋಟಾರೂ ಇಲ್ಲ, ‘ಅದನ್ನು’ ಎಂಬುದೂ ಇಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಮತ್ತೆ ಹೇಳುವುದು ಬೇಡ ಎಂದು ಕನ್ನಡ ಅದನ್ನು ಬಿಟ್ಟೇಬಿಡುತ್ತದೆ. ಇಂಗ್ಲಿಷಿಗೆ ಹಾಗೆ ಬಿಡುವ ಸ್ವಾತಂತ್ರ್ಯವಿಲ್ಲ, ಕರ್ಮದ ಜಾಗದಲ್ಲಿ ಏನಾದರೂ ಇರಲೇಬೇಕು. ಅದಕ್ಕೇ ‘ಇಟ್’ ಎಂಬ ಸಣ್ಣ ಪದವನ್ನು ಇಡುತ್ತದೆ. ಆದರೆ ಎಲ್ಲಿ ಇಡುವುದು? ಇಂಗ್ಲಿಷ್ ವಾಕ್ಯದಲ್ಲಿ ಒತ್ತು ಸಾಮಾನ್ಯವಾಗಿ ಬೀಳುವುದು ಕೊನೆಯಲ್ಲಿ. ಹೊಸದೇನನ್ನೂ ಹೇಳದ ಪದಕ್ಕೆ ಆ ದೊಡ್ಡ ಜಾಗ ಯಾಕೆ? ಇಟ್ ಅನ್ನು ನಡುವೆ ಸರಿಸಿ, ಆಗಬೇಕಾದ ಕೆಲಸ ಹೇಳುವ ‘ಆಫ್’ಗೆ ಕೊನೆಯ ಒತ್ತು ಕೊಡುತ್ತಾರೆ. ಬಾಯಿಬಿಟ್ಟು ಹೇಳಿ ನೋಡಿ: ಸ್ವಿಚಿಟ್ ಆಫ್. ಇಟ್ ಹೆಚ್ಚುಕಡಿಮೆ ನುಂಗಿಹೋಗುತ್ತದೆ. ಕನ್ನಡ ಬಿಟ್ಟುಬಿಡುವುದನ್ನು ಇಂಗ್ಲಿಷ್ ನುಂಗುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ನಾವು ‘ಅದನ್ನ’ ಎಂದು ಬಾಯಿಬಿಟ್ಟು ಹೇಳುವುದು ಯಾವಾಗ? ಹಲವು ಸಲ, ಬೆರಳು ತೋರಿಸುವಾಗ. “ಇದನ್ನಲ್ಲ, ಅದನ್ನ ಆಫ್ ಮಾಡು.” ಆಗ ಇಂಗ್ಲಿಷಿನವರೂ ‘ಇಟ್’ ಎನ್ನುವುದಿಲ್ಲ, ‘ಸ್ವಿಚ್ ಆಫ್ ದಟ್ ಒನ್’ ಎನ್ನುತ್ತಾರೆ, ಕೊನೆಯಲ್ಲಿ ಇಟ್ಟು, ಒತ್ತಿ. ನಮ್ಮ ಪುಸ್ತಕಗಳು ‘ಇಟ್ ಎಂದರೆ ಅದು’ ಎಂದು ಕಲಿಸುತ್ತವೆ. ಕನ್ನಡದ ‘ಅದು’ ತೋರುಬೆರಳಿನ ಪದ. ಇಂಗ್ಲಿಷಿನ ‘ಇಟ್’ಗೆ ಬೆರಳೇ ಇಲ್ಲ. ‘ಅದು’ಗೆ ಸಲ್ಲುವ ಒತ್ತನ್ನು ‘ಇಟ್’ಗೆ ಕೊಟ್ಟರೆ ಅದು ಕೊನೆಗೆ ಹೋಗಿ ಕೂರುವುದು ಸಹಜ.

ಇನ್ನೊಂದು ತೊಡಕಿದೆ. ‘ವೇಟ್ ಫಾರ್ ಹಿಮ್’ ಸರಿ, ‘ವೇಟ್ ಹಿಮ್ ಫಾರ್’ ತಪ್ಪು. ಇದಕ್ಕೂ ಕನ್ನಡವೇ ಕೀಲಿಕೈ. ಅವನಿಗೆ ಕಾಯಿ ಎನ್ನುವಾಗ ‘ಗೆ’ ಸೇರಿರುವುದು ಅವನ ಜೊತೆ, ಕಾಯುವುದರ ಜೊತೆ ಅಲ್ಲ. ಅದನ್ನು ಬಿಡಿಸಿ ಬೇರೆಡೆ ಇಡಲಾಗದು. ‘ಫಾರ್’ ಅಂಥದ್ದು, ನಾಮಪದದ ಕಡೆಯವನು. ‘ಸ್ವಿಚ್ ಆಫ್’ನಲ್ಲಿರುವ ‘ಆಫ್’ ಕ್ರಿಯಾಪದದ ಕಡೆಯವನು, ಆದ್ದರಿಂದ ನಡುವೆ ಸರ್ವನಾಮ ತೂರಬಹುದು. ‘ಲುಕ್ ಆಫ್ಟರ್ ಹರ್’ನಲ್ಲಿ ‘ಆಫ್ಟರ್’ ಮತ್ತೆ ನಾಮಪದದ ಕಡೆಗೇ. ಪಟ್ಟಿಯ ಮುಂದೆ ಈ ಪ್ರಶ್ನೆ ಹಾಕಿಕೊಂಡರೆ ಅರ್ಧಕ್ಕಿಂತ ಹೆಚ್ಚು ಬಾಯಿಪಾಠ ತಪ್ಪುತ್ತದೆ.

ಜೋಡಿ ಕ್ರಿಯಾಪದದ ನಡುವೆ ಸಣ್ಣದೊಂದು ತೂರುವುದೂ ನಮಗೆ ಅಪರಿಚಿತವಲ್ಲ. ‘ಬಂದುಬಿಟ್ಟ’ ಎಂಬುದು ‘ಬಂದೇ ಬಿಟ್ಟ’ ಆಗುತ್ತದೆ, ‘ತೆಗೆದುಹಾಕಿದ’ ಎಂಬುದು ‘ತೆಗೆದೇ ಹಾಕಿದ’. ನಡುವೆ ಒಂದು ಏಕಾರ ಸಲೀಸಾಗಿ ಕೂರುತ್ತದೆ. ಇಂಗ್ಲಿಷಿನ ದಾಯಾದಿ ಜರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ: ದೀಪ ಆರಿಸು ಎನ್ನುವಾಗ ದೀಪವನ್ನೂ ನಡುವೆಯೇ ಇಟ್ಟು, ‘ಆಫ್’ನಂಥ ತುಣುಕನ್ನು ವಾಕ್ಯದ ತುದಿಗೇ ಕಳಿಸುತ್ತದೆ. ಭಾಷೆಗಳು ಬೇರೆಬೇರೆ ರೀತಿಯಲ್ಲಿ ಮಾಡುವ ಈ ಕೆಲಸದಲ್ಲಿ ದಡ್ಡತನಕ್ಕೂ ಜಾಣತನಕ್ಕೂ ಸಂಬಂಧವಿಲ್ಲ.

ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ನೋಡಬೇಡಿ ಎಂಬುದು ಅವರ ವಾದ. ಅದಕ್ಕೆ ನನ್ನದೊಂದು ಸೇರ್ಪಡೆ: ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಸಲೂ ಕನ್ನಡದ್ದೇ ವ್ಯಾಕರಣ ಬೇಕು. 2007–08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ವರ್ಷಗಳು ಹೆಚ್ಚಾದವು; ಆದರೆ ಮಗು ಮನೆಯಿಂದ ತರುವ ಭಾಷೆಯ ತಿಳಿವಳಿಕೆಯನ್ನು ತರಗತಿಯ ಬಾಗಿಲಲ್ಲೇ ಬಿಚ್ಚಿಡಿಸುವ ಅಭ್ಯಾಸ ಎಷ್ಟೋ ಕಡೆ ಹಾಗೇ ಇದೆ. ಗೊತ್ತಿರುವುದನ್ನು ಪಕ್ಕಕ್ಕೆ ಸರಿಸಿ ಹೊಸದಕ್ಕೆ ಜಾಗ ಕೊಡುವುದು ಆರು ವರ್ಷದ ಮಗುವಿಗೆ ಆಗಲೇ ಬರುತ್ತದೆ, ಅದೂ ಕನ್ನಡದಲ್ಲಿ. ಮೇಷ್ಟ್ರು ಅದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಯಾರೋ ನಕ್ಕದ್ದಕ್ಕೆ ಆ ಮಗು ತನಗೆ ಬುದ್ಧಿಯೇ ಇಲ್ಲ ಎಂದುಕೊಳ್ಳುವುದು ತಪ್ಪುತ್ತದೆ.