ಇಂದಿನ ಮಟ್ಟ

ಇವತ್ತಿನ ಪತ್ರಿಕೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಬಂದಿರಲಿಲ್ಲ. ಕೊನೆಯ ಪುಟದವರೆಗೆ ಹೋಗಿ ಮತ್ತೆ ಮೊದಲಿಂದ ಹುಡುಕಿದೆ. ಹೊರಗೆ ಆಷಾಢದ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಆ ಪುಟ್ಟ ಚೌಕ ಇರಬೇಕಾದ ಮೂಲೆಯಲ್ಲಿ ಯಾವುದೋ ಬಡಾವಣೆಯ ಜಾಹೀರಾತು. ಕಾಫಿ ಆರಿತು, ಸಿಟ್ಟು ಆರಲಿಲ್ಲ. ಅದೆಲ್ಲ ಮೊಬೈಲಿನಲ್ಲಿ ಸಿಗುತ್ತದೆ, ನಿಜ. ಆ ಮಾತು ಬಿಡಿ. ಮಳೆಗಾಲದಲ್ಲಿ ನಾಡಿನ ನೀರೆಷ್ಟು ಎಂದು ಹೇಳದ ಪತ್ರಿಕೆ ಮನೆಗೆ ಬಂದು ಕ್ಷೇಮಸಮಾಚಾರ ಕೇಳದೆ ಎದ್ದುಹೋದ ನೆಂಟನ ಹಾಗೆ.

ನನ್ನ ಸೋದರಮಾವ ಇದ್ದಿದ್ದರೆ ಸಂಪಾದಕರಿಗೆ ಇವತ್ತೇ ಕಾರ್ಡು ಬರೆಯುತ್ತಿದ್ದರು. ಶರಾವತಿ ವಿದ್ಯುದಾಗಾರದಲ್ಲಿ ಎಂಜಿನಿಯರ್ ಆಗಿದ್ದವರು, ಸೇವೆಯ ಬಹುಪಾಲು ಕಾರ್ಗಲ್, ಜೋಗದ ಕಾಲೊನಿಗಳಲ್ಲೇ ಕಳೆದವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಪತ್ರಿಕೆ ಕೈಗೆ ಬಂದರೆ ಮೊದಲು ಅವರ ಕಣ್ಣು ಹೋಗುತ್ತಿದ್ದದ್ದು ಆ ಚೌಕಕ್ಕೆ.

ಆ ಚೌಕವನ್ನು ಓದಲು ನನಗೆ ಕಲಿಸಿದವರೂ ಅವರೇ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದು 1819 ಅಡಿ. "ಹಾಗಾದ್ರೆ ನಿಮ್ಮ ಡ್ಯಾಮು ಅಷ್ಟೊಂದು ಎತ್ತರವಾ ಮಾವ?" ಎಂದು ಹುಡುಗನಾಗಿದ್ದಾಗ ಕೇಳಿದ್ದೆ. ಅವರು ನಗಲಿಲ್ಲ. "ಅಲ್ಲ ಮಾರಾಯ, ಕೂತ್ಕೊ" ಎಂದು ಕಾಗದ ತೆಗೆದರು. ಕೆಆರ್‌ಎಸ್, ಭದ್ರಾಗಳ ಅಳತೆ ನದಿಯ ತಳದಿಂದ. ಲಿಂಗನಮಕ್ಕಿ, ತುಂಗಭದ್ರಾ, ಕಬಿನಿಗಳದು ಸಮುದ್ರಮಟ್ಟದಿಂದ. ಲಿಂಗನಮಕ್ಕಿ ಕಟ್ಟೆಯ ಸ್ವಂತ ಎತ್ತರ ಸುಮಾರು 200 ಅಡಿ ಅಷ್ಟೆ. ಆಲಮಟ್ಟಿ ಬೇರೆ, ಅದು ಮೀಟರಿನಲ್ಲಿ, 519.60. ಈ ವ್ಯತ್ಯಾಸವನ್ನು ಚೌಕದ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಬಾರದೇ ಎಂದು ಅವರು ಕೇಳದ ವರ್ಷವಿಲ್ಲ. ನಾನೂ ಕೇಳುತ್ತೇನೆ: ಹಾಕಬಾರದೇ? ಅಡಿಯೊಂದನ್ನೇ ಕೊಟ್ಟರೂ ಸಾಲದು, ಟಿಎಂಸಿಯೂ ಜೊತೆಗಿರಬೇಕು. ಬೋಗುಣಿ ಆಕಾರದ ಜಲಾಶಯದಲ್ಲಿ ತಳದ ಒಂದು ಅಡಿಗೂ ಬಾಯಿಯ ಒಂದು ಅಡಿಗೂ ಅಜಗಜಾಂತರ. ಲಿಂಗನಮಕ್ಕಿ ತುಂಬಿದಾಗ 151 ಟಿಎಂಸಿ, ಕೆಆರ್‌ಎಸ್‌ನ ಮೂರು ಪಟ್ಟು. ನೀರು ಮುನ್ನೂರು ಚದರ ಕಿಲೋಮೀಟರಿಗೂ ಮೀರಿ ಹರಡಿಕೊಂಡಿರುತ್ತದೆ. ಕೊನೆಯ ಒಂದೇ ಅಡಿಯಲ್ಲಿ ಮೂರು ಟಿಎಂಸಿಗೂ ಹೆಚ್ಚು ನೀರು. ಆ ಅಡಿ ಏರಿತೋ ಇಲ್ಲವೋ ಎಂದು ಶ್ರಾವಣದ ಬೆಳಿಗ್ಗೆ ಕಾತರಿಸುವವರು ಈ ಸೀಮೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಿಗಾಗಿ ಎರಡಂಗುಲ ಜಾಗ ಕೇಳುವುದು ದೊಡ್ಡ ಬೇಡಿಕೆಯಲ್ಲ.

ಮಾವ ಓದಿ ಸುಮ್ಮನಾಗುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಮಟ್ಟವನ್ನು ನೀಲಿ ಶಾಯಿಯಲ್ಲಿ ಬರೆದಿಡುತ್ತಿದ್ದರು. ಅವರು ಹೋದ ಮೇಲೆ ಹೆಣ್ಣುಮಕ್ಕಳಿಬ್ಬರೂ ಅಟ್ಟದಿಂದ ಆ ಹಳೆಯ ಸುರುಳಿಗಳನ್ನು ಇಳಿಸಿದರು. ಬಿಡಿಸಿ ನೋಡಿದರೆ, ನೀರಿನ ಮಟ್ಟದ ಕೆಳಗೆ ಅದೇ ಶಾಯಿಯಲ್ಲಿ, ಅದೇ ನೆಟ್ಟಗಿನ ಡ್ರಾಯಿಂಗ್ ಅಕ್ಷರದಲ್ಲಿ ಇನ್ನೂ ಏನೇನೋ: ಚಿಕ್ಕವಳಿಗೆ ಜ್ವರ 101. ಹೊಸ ಸಿಲಿಂಡರ್. ದೊಡ್ಡವಳ ಗಣಿತ ಪರೀಕ್ಷೆ, ಬುತ್ತಿ ಕೊಟ್ಟು ಬಂದೆ. ಇವಳಿಗೆ ಬಿ.ಪಿ. 150/90, ಉಪ್ಪು ಕಮ್ಮಿ. ಅತ್ತೆ ಅದನ್ನು ಓದಿ, "ಬಾಯಲ್ಲಿ ಒಂದು ದಿನ ಹೇಗಿದೀಯ ಅಂತ ಕೇಳಿದವರಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೇಳದಿದ್ದರೂ ದಿನವೂ ನೋಡಿ ಬರೆದುಕೊಳ್ಳುತ್ತಿದ್ದರು. ಹೆಚ್ಚು ಮಾತಿಲ್ಲದ ಆ ಮನುಷ್ಯನ ಅಕ್ಕರೆಯನ್ನು ನಾವು ಕಂಡದ್ದು ಆ ಚೌಕಗಳಲ್ಲಿ.

ಗದರುವಾಗಲೂ ಅವರು ಲೆಕ್ಕವನ್ನೇ ಹಿಡಿಯುತ್ತಿದ್ದರು. ತಲಕಳಲೆಯಿಂದ ಪೆನ್‌ಸ್ಟಾಕ್ ಕೊಳವೆಯಲ್ಲಿ ಸಾವಿರ ಲೀಟರ್ ನೀರು ಸುಮಾರು 440 ಮೀಟರ್ ಇಳಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು. ಯಾರೂ ಇಲ್ಲದ ಕೋಣೆಯಲ್ಲಿ ರಾತ್ರಿಯಿಡೀ ಫ್ಯಾನ್ ತಿರುಗಿದರೆ ಬೆಳಿಗ್ಗೆ ಮಕ್ಕಳಿಗೆ, "ನಲವತ್ತು ಕೊಡ ನೀರು ಚೆಲ್ಲಿದ್ರಿ" ಎನ್ನುತ್ತಿದ್ದರು. ಈಗ ಮುಂಬೈಯಲ್ಲಿರುವ ಚಿಕ್ಕವಳು ಕೋಣೆ ಬಿಡುವಾಗ ಇಂದಿಗೂ ಸ್ವಿಚ್ಚಿನತ್ತ ತಿರುಗಿ ನೋಡುತ್ತಾಳಂತೆ.

ಆ ನೀರನ್ನು ಅವರು ಎಂದೂ ನಮ್ಮದು ಎನ್ನಲಿಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು, ತೋಟ, ಗದ್ದೆ ಬಿಟ್ಟು ಹೊರಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಿವೃತ್ತಿಯ ನಂತರ ಅವರ ಜಗಲಿಗೆ ಬಂದ ಮುಳುಗಡೆ ಕುಟುಂಬಗಳಿಗೆಲ್ಲ ಅರ್ಜಿ ಬರೆದುಕೊಟ್ಟರು. "ನಾವು ಉರಿಸಿದ ದೀಪದ ಎಣ್ಣೆ ಇವರದು ಕಣೋ" ಎಂದಿದ್ದರು ಒಮ್ಮೆ. ಆ ಋಣ ಸರ್ಕಾರದ ಕಡತದಲ್ಲಿ ಕೂತಿರುವುದು ನೆನೆದರೆ ನನಗೂ ಹೊಟ್ಟೆ ಉರಿಯುತ್ತದೆ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಚೆನ್ನಾಗಿ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆದ್ದು ಕಾಣುತ್ತದೆ. 1948ರಲ್ಲಿ ಶುರುವಾದ ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಕಟ್ಟಿದ್ದು. ಮಾವ ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಕಟ್ಟೆ ತೋರಿಸಲಿಕ್ಕಲ್ಲ, ಸೈಫನ್ ತೋರಿಸಲಿಕ್ಕೆ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ವಿನ್ಯಾಸ ಅದು. ನೀರು ಅಂಚು ಮೀರಿದರೆ ಒಳಗಿನ ಗಾಳಿಯನ್ನು ತಾನೇ ಎಳೆದುಕೊಂಡು ಕೊಳವೆ ತುಂಬ ಧುಮುಕುತ್ತದೆ. ಗೇಟಿಲ್ಲ, ಮೋಟರಿಲ್ಲ, ನಡುರಾತ್ರಿ ಮಳೆಯಲ್ಲಿ ಓಡಿಹೋಗಿ ಚಕ್ರ ತಿರುಗಿಸುವ ಆಳೂ ಬೇಡ. ಮಾವನಿಗೆ ವಿಶ್ವೇಶ್ವರಯ್ಯನವರ ಮೇಲಿದ್ದಷ್ಟೇ ಭಕ್ತಿ ಈ ಅಯ್ಯರ್ ಮೇಲೂ ಇತ್ತು. ಶಾಲೆಯ ಪಾಠದಲ್ಲಿ ಈ ಹೆಸರು ಯಾಕೆ ಬರಬಾರದು? ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಬೇಕೇ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲೂ, ಶಿಂಷಾ ನದಿಯ ಮೇಲೆ, ಇದೇ ಬಗೆಯ ಸೈಫನ್ ಇದೆ. ಈ ಸಲ ಕೆರೆ ತುಂಬಿದ ಸುದ್ದಿ ಬಂದರೆ ಹೋಗಬೇಕು. ತುಮಕೂರಿನಲ್ಲಿರುವ ಮಾವನ ದೊಡ್ಡ ಮಗಳು ತನ್ನ ಮಗನನ್ನೂ ಕರೆತರುತ್ತಾಳಂತೆ. ಏಳನೇ ಕ್ಲಾಸಿನ ಆ ಹುಡುಗ ಫೋನಿನಲ್ಲಿ ಕೇಳಿದ: ಸರಿ, ನೀರು ತಾನಾಗೇ ಶುರುವಾಗುತ್ತೆ, ನಿಲ್ಲೋದು ಹೇಗೆ? ಮಟ್ಟ ಇಳಿದು ಗಾಳಿ ಒಳಗೆ ನುಗ್ಗಿದರೆ ನಿಲ್ಲುತ್ತದೆ ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ, ಚಿತ್ರ ಬರೆದು ಕಳಿಸಿ ಎಂದಿದ್ದಾನೆ.