ಡೆಬ್ ಪೊಟ್ಟಣದ ಸೊಗಸು

ಲಿನಕ್ಸ್ ಬಳಸುವವರಲ್ಲಿ ಒಂದು ವರ್ಗಕ್ಕೆ ತಂತ್ರಾಂಶದಷ್ಟೇ ಅದನ್ನು ಕಟ್ಟಿಕೊಟ್ಟ ಪೊಟ್ಟಣವೂ ರುಚಿಸುತ್ತದೆ. ಪೊಟ್ಟಣ, ಅಂದರೆ ಪ್ಯಾಕೇಜ್, ಒಂದು ತಂತ್ರಾಂಶದ ಕಡತಗಳನ್ನೂ ಅವು ಡಿಸ್ಕಿನಲ್ಲಿ ಎಲ್ಲೆಲ್ಲಿ ಕೂರಬೇಕು, ಅವಕ್ಕೂ ಮೊದಲು ಇನ್ನೇನೇನು ಇರಬೇಕು ಎಂಬ ವಿವರಗಳನ್ನೂ ಒಟ್ಟಿಗೆ ಕಟ್ಟಿಟ್ಟ ಒಂದೇ ಕಡತ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯ 'ಡೆಬ್' ಪೊಟ್ಟಣವನ್ನು ಬಿಚ್ಚಿದರೆ ಸಿಗುವುದು ಮೂರೇ ವಸ್ತು: '2.0' ಎಂದಷ್ಟೇ ಬರೆದ ಪುಟ್ಟ ಕಡತ, ವಿವರಗಳ ಕಟ್ಟು, ಸರಕಿನ ಕಟ್ಟು. ಕನ್ನಡದ ಕೈಬರಹದಂತಿರುವ 'ನವಿಲು' ಫಾಂಟ್ ಕೂಡ ಡೆಬಿಯನ್ನಿನಲ್ಲಿ ಹೀಗೆಯೇ ಸಿಗುತ್ತದೆ. ಅಕ್ಷರಗಳಿಗೆ ಪ್ರೊಸೆಸರಿನ ಹಂಗಿಲ್ಲವಾದ್ದರಿಂದ ಅದರ ವಿವರದ ಕಟ್ಟಿನಲ್ಲಿ ಆರ್ಕಿಟೆಕ್ಚರ್ ಎಂಬಲ್ಲಿ 'ಆಲ್' ಎಂದು ನಮೂದಾಗಿರುತ್ತದೆ.

ಈ ಪದ್ಧತಿಯ ಜೀವಾಳ ಅವಲಂಬನೆಯ ಲೆಕ್ಕ. ಹಲವು ತಂತ್ರಾಂಶಗಳಿಗೆ ಬೇಕಾದ ಸಾಮಾನ್ಯ ಕೆಲಸಗಳ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಒಂದೇ ಪ್ರತಿಯನ್ನು ಎಲ್ಲವೂ ಹಂಚಿಕೊಳ್ಳುತ್ತವೆ, ಯಾವುದಕ್ಕೆ ಯಾವುದು ಬೇಕೆಂಬುದನ್ನು ಹುಡುಕಿ ತರುವ ಹೊಣೆಯನ್ನು ಡೆಬಿಯನ್ನಿನ 'ಆಪ್ಟ್' ಎಂಬ ಸಲಕರಣೆ ಹೊರುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 'ಹಾರ್ಟ್‌ಬ್ಲೀಡ್' ದೋಷ ಬಯಲಾದಾಗ ಆ ಒಂದು ಪೊಟ್ಟಣವನ್ನು ಬದಲಿಸಿ, ಅದನ್ನು ನೆಚ್ಚಿದ್ದ ಸೇವೆಗಳನ್ನು ಮತ್ತೆ ಚಾಲೂ ಮಾಡಿದರೆ ಅವೆಲ್ಲಕ್ಕೂ ತಿದ್ದುಪಡಿ ತಲುಪುತ್ತಿತ್ತು.

ಆದರೆ ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅದರೊಳಗಿನ ತಂತ್ರಾಂಶ ಹಳತಾಗುತ್ತದೆ, ತಂತ್ರಾಂಶ ಬರೆದವರಿಗೋ ಡೆಬಿಯನ್ನಿನಂಥ ಒಂದೊಂದು ಲಿನಕ್ಸ್ ವಿತರಣೆಗೂ ಬೇರೆ ಬೇರೆಯಾಗಿ ಪೊಟ್ಟಣ ಕಟ್ಟುವಷ್ಟು ಪುರುಸೊತ್ತಿಲ್ಲ. ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆಪ್‌ಇಮೇಜ್ ಎಂಬ ಹೊಸ ಬಗೆಗಳು ಬೆಳೆದದ್ದು ಈ ಬಿರುಕಿನಲ್ಲಿಯೇ. ಬೇಕಾದ ಬಹುತೇಕ ಲೈಬ್ರರಿಗಳನ್ನು ತಂತ್ರಾಂಶವೇ ಜೊತೆಯಲ್ಲಿ ತರುವ ಆಪ್‌ಇಮೇಜಿನ ಪರಿ, ಮದುವೆಮನೆಗೆ ಪ್ರತಿ ನೆಂಟನೂ ಸ್ವಂತ ಒಲೆ ಹೊತ್ತು ಬಂದಂತೆ. ಫ್ಲಾಟ್‌ಪ್ಯಾಕ್ ಅಷ್ಟು ದುಂದುಗಾರನಲ್ಲ. 'ರನ್‌ಟೈಮ್' ಎಂಬ ಸಾಮಾನ್ಯ ನೆಲೆಯನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುತ್ತವೆ, ಪ್ರತಿಯೊಂದೂ ಉಳಿದ ವ್ಯವಸ್ಥೆಯಿಂದ ಸಾಕಷ್ಟು ಮಟ್ಟಿಗೆ ಬೇರ್ಪಟ್ಟ ಆವರಣದಲ್ಲಿ ಓಡುತ್ತದೆ. ಸ್ನ್ಯಾಪ್ ವಿಷಯದಲ್ಲಿ ಜಗಳವೆದ್ದದ್ದು ತಂತ್ರಕ್ಕಿಂತ ಯಜಮಾನಿಕೆಯ ಬಗ್ಗೆ: ಅದರ ಮಳಿಗೆ ಉಬುಂಟು ವಿತರಣೆಯನ್ನು ಹೊರತರುವ ಕೆನಾನಿಕಲ್ ಸಂಸ್ಥೆಯೊಂದರ ಕೈಯಲ್ಲಿದೆ, ಮಳಿಗೆಯ ಸರ್ವರಿನ ಆಕರ ಮುಕ್ತವಲ್ಲ. 2020ರಲ್ಲಿ ಲಿನಕ್ಸ್ ಮಿಂಟ್ ತನ್ನ 20ನೇ ಆವೃತ್ತಿಯಲ್ಲಿ, ಬಳಕೆದಾರರು ತಾವಾಗಿ ತೆರೆಯದ ಹೊರತು ಸ್ನ್ಯಾಪ್ ಒಳಬರದಂತೆ ಬಾಗಿಲು ಹಾಕಿತು. (ಉಬುಂಟುವಿನ ಬುನಾದಿಯ ಮೇಲೆಯೇ ಮನೆ ಕಟ್ಟಿಕೊಂಡವರು ಹೀಗೆ ಮಾಡಿದರೆಂಬುದು ಗಮನಾರ್ಹ.)

ತಿಂಗಳಿಗೊಮ್ಮೆ ರೂಪ ಬದಲಿಸುವ ಬ್ರೌಸರು, ವಿಡಿಯೊ ಸಂಪಾದಕಗಳಂಥವಕ್ಕೆ ಫ್ಲಾಟ್‌ಪ್ಯಾಕ್ ಸರಿಯಾದೀತು. ವ್ಯವಸ್ಥೆಯ ತಳಹದಿ, ಮುದ್ರಕದ ಚಾಲಕ, ಫಾಂಟುಗಳು ವಿತರಣೆಯ ಉಗ್ರಾಣದಿಂದಲೇ ಬರುವುದು ಲೇಸು, ಏಕೆಂದರೆ ಅಲ್ಲಿ ಪ್ರತಿ ಪೊಟ್ಟಣಕ್ಕೂ ಹೊಣೆಹೊತ್ತ ಪಾಲಕರ ಹೆಸರು ನಮೂದಾಗಿರುತ್ತದೆ. ಆ ಹೆಸರನ್ನೂ ಅವಲಂಬನೆಗಳ ಪಟ್ಟಿಯನ್ನೂ 'ಆಪ್ಟ್ ಶೋ' ಆದೇಶ ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಮುಂದಿನ ಸಲ ಏನನ್ನಾದರೂ ಅಳವಡಿಸುವ ಮೊದಲು ಓದುಗರು ಅದನ್ನೊಮ್ಮೆ ಓದಿ ನೋಡಬೇಕು.